ಟೂಡಿ ಎಕೋ: ನೀಲಿ ಕಂಡರೆ ಕೆಟ್ಟ ರಕ್ತವೇ?

ಹೃದಯದ ಅಲ್ಟ್ರಾಸೌಂಡನ್ನು ಮುಂಬಯಿ ಮಂದಿ ಕರೆಯುವುದು ‘ಟೂಡಿ ಎಕೋ’ ಎಂದೇ. ಪರೇಲಿನಲ್ಲಿ 1929ರಿಂದ ಮಕ್ಕಳಿಗೆಂದೇ ಇರುವ ವಾಡಿಯಾ ಆಸ್ಪತ್ರೆಯಂಥ ಕಡೆ ಕಲ್ಯಾಣ, ವಸಯಿಗಳಿಂದ ಲೋಕಲ್ ಹಿಡಿದು ಕೂಸನ್ನೆತ್ತಿಕೊಂಡು ಬರುವವರಿಗೆ ಮೊದಲು ಕಾಡುವುದು ವಿಕಿರಣದ ಭಯ. ಎಕ್ಸ್‌ರೇಯಲ್ಲಿರುವಂಥ ವಿಕಿರಣ ಇದರಲ್ಲಿ ಇಲ್ಲವೇ ಇಲ್ಲ. ಕಿವಿಗೆ ಕೇಳದ ಶಬ್ದದ ಅಲೆಗಳು ಹೃದಯಕ್ಕೆ ತಾಗಿ ಮರಳುತ್ತವೆ, ಅಷ್ಟೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುಟ್ ಹರ್ಟ್ಸ್ ಹೃದಯಕ್ಕೆ ಹಿಡಿದು ನೋಡಿದ್ದು, ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು!

ಮಬ್ಬು ಕೋಣೆ, ಎದೆಗೆ ತಣ್ಣನೆಯ ಜೆಲ್, ಪರದೆಯಲ್ಲಿ ಕೆಂಪು–ನೀಲಿ. ನೀಲಿ ಕಂಡೊಡನೆ ತಾಯಿಯ ಎದೆ ಧಸಕ್ಕೆನ್ನುತ್ತದೆ: ಕೆಟ್ಟ ರಕ್ತವೇ? ಆ ಬಣ್ಣ ಯಂತ್ರ ಹಚ್ಚಿದ್ದು. ಸಾಮಾನ್ಯವಾಗಿ ಎದೆಯ ಮೇಲಿಟ್ಟ ಪ್ರೋಬಿನತ್ತ ಬರುವ ರಕ್ತಕ್ಕೆ ಕೆಂಪು, ದೂರ ಸರಿಯುವುದಕ್ಕೆ ನೀಲಿ.

ಅಪರೂಪದ ‘ಆಲ್ಕಾಪಾ’ ಎಂಬ ಹುಟ್ಟುದೋಷ ಬಯಲಾಗುವುದಕ್ಕೂ ಈ ಬಣ್ಣ ನೆರವಾಗುತ್ತದೆ. ಸುಮಾರು 3 ಲಕ್ಷ ಮಕ್ಕಳಲ್ಲಿ ಒಂದಕ್ಕೆ ಎಡ ಕೊರೊನರಿ ನಾಳ ಮಹಾಪಧಮನಿಯ ಬದಲು ಶ್ವಾಸಕೋಶದ ಅಪಧಮನಿಯಿಂದ ಹೊರಟಿರುತ್ತದೆ. ಹಾಲು ಕುಡಿಯುವುದೇ ಎಳೆಗೂಸಿಗೆ ದೊಡ್ಡ ದುಡಿಮೆ. ಕುಡಿಯುತ್ತಲೇ ಬೆವರುತ್ತದೆ, ಚೀರುತ್ತದೆ. ಮನೆಯವರು ಗ್ಯಾಸ್ ಎಂದು ಹಿಂಗು ಹಚ್ಚುತ್ತಾರೆ. ಎಕೋದಲ್ಲಿ ಹೃದಯ ಹಿಗ್ಗಿರುವುದು ಸುಲಭವಾಗಿ ಕಾಣುತ್ತದೆ. ಆದರೆ ಒಂದೆರಡು ಮಿಲಿಮೀಟರಿನ ಆ ನಾಳ ಎಲ್ಲಿಂದ ಹೊರಟಿದೆ, ಅದರಲ್ಲಿ ರಕ್ತ ಹಿಮ್ಮುಖವಾಗಿ ಹರಿಯುತ್ತಿದೆಯೇ ಎಂದು ಹುಡುಕದಿದ್ದರೆ ‘ಸ್ನಾಯುವಿನ ದೌರ್ಬಲ್ಯ’ ಎಂಬ ಹಣೆಪಟ್ಟಿ ಬೀಳುತ್ತದೆ. ಹುಡುಕಿದರೆ ಶಸ್ತ್ರಚಿಕಿತ್ಸೆಯಿಂದ ನಾಳವನ್ನು ಸರಿಯಾದ ಜಾಗಕ್ಕೆ ಜೋಡಿಸಬಹುದು. ಬಹಳಷ್ಟು ಮಕ್ಕಳ ಹೃದಯ ಚೇತರಿಸಿಕೊಳ್ಳುತ್ತದೆ. ಯಂತ್ರ ಎಲ್ಲಾದರೂ ಒಂದೇ ಎನ್ನುವವರು ಇದನ್ನು ಗಮನಿಸಬೇಕು. ಮಕ್ಕಳ ಹೃದಯತಜ್ಞರಿಂದಲೇ ಎಕೋ ಮಾಡಿಸಿ ಎನ್ನುವುದು ಇದಕ್ಕೇ.

‘ಒಮ್ಮೆ ನಾರ್ಮಲ್ ಬಂತು, ಇನ್ನು ಚಿಂತೆಯಿಲ್ಲ’ ಎಂಬ ನಂಬಿಕೆಯೇ ಹೆಚ್ಚು ಅಪಾಯದ್ದು. 1967ರಲ್ಲಿ ಜಪಾನಿನ ತೋಮಿಸಾಕು ಕಾವಾಸಾಕಿ ವಿವರಿಸಿದ ಕಾಯಿಲೆಯನ್ನೇ ನೋಡಿ: ಐದು ದಿನ ದಾಟಿದ ಜ್ವರ, ಕೆಂಗಣ್ಣು, ಒಡೆದ ತುಟಿ, ಆಮೇಲೆ ಬೆರಳ ತುದಿಯಲ್ಲಿ ಸುಲಿಯುವ ಚರ್ಮ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ಕಾಲುಭಾಗದಷ್ಟು ಮಂದಿಗೆ ಕೊರೊನರಿ ನಾಳ ಉಬ್ಬುತ್ತದೆ. ಆ ಉಬ್ಬು ಮೊದಲ ವಾರದಲ್ಲಿ ಕಾಣದೇ ಇರಬಹುದು. ಹಾಗಾಗಿ ಒಂದೆರಡು ವಾರಕ್ಕೆ, ಮತ್ತೆ ನಾಲ್ಕರಿಂದ ಆರು ವಾರಕ್ಕೆ ಎಕೋ ಮಾಡಿಸುತ್ತಾರೆ. ಜ್ವರ ಬಿಟ್ಟು ಮಗು ಆಡಿಕೊಂಡಿದ್ದರೂ, ಹಳೇ ರಿಪೋರ್ಟು ಹಿಡಿದು ಮತ್ತೆ ಲೋಕಲ್ ಹತ್ತಲೇಬೇಕು.