ಏಕವ್ಯಕ್ತಿ ಹವಾನಿಯಂತ್ರಣ ಉದ್ಯಮ (ಅಮೆರಿಕ ಸಂಯುಕ್ತ ಸಂಸ್ಥಾನ)

ಏಕವ್ಯಕ್ತಿ ಹವಾನಿಯಂತ್ರಣ ಉದ್ಯಮ ಎಂದರೆ ಮನೆಗಳ ಮತ್ತು ಸಣ್ಣ ವಾಣಿಜ್ಯ ಕಟ್ಟಡಗಳ ತಾಪನ, ಶೀತಲೀಕರಣ ಹಾಗೂ ವಾತಾಯನ ಉಪಕರಣಗಳ ಅಳವಡಿಕೆ, ದುರಸ್ತಿ ಮತ್ತು ನಿರ್ವಹಣೆಯನ್ನು ನೌಕರರಿಲ್ಲದೆ ಒಬ್ಬರೇ ತಂತ್ರಜ್ಞರು ನಡೆಸುವ ವ್ಯವಹಾರ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂತಹ ಉದ್ಯಮಗಳು ಸಾಮಾನ್ಯವಾಗಿವೆ. ಹಲವು ವರ್ಷ ದೊಡ್ಡ ಕಂಪನಿಯಲ್ಲಿ ದುಡಿದ ತಂತ್ರಜ್ಞರು ಒಂದು ವ್ಯಾನ್ ಹಾಗೂ ಸ್ವಂತ ಉಪಕರಣಗಳೊಂದಿಗೆ ಹೊರಬಂದು ಇದನ್ನು ಆರಂಭಿಸುವುದು ವಾಡಿಕೆ. ಕರೆ ಸ್ವೀಕರಿಸುವುದು, ದೋಷ ಪತ್ತೆ ಹಚ್ಚುವುದು, ಬಿಡಿಭಾಗ ತರುವುದು, ಬಿಲ್ ಬರೆಯುವುದು, ಬಾಕಿ ವಸೂಲು ಮಾಡುವುದು ಮತ್ತು ತೆರಿಗೆ ಸಲ್ಲಿಸುವುದು, ಇವೆಲ್ಲವೂ ಅದೇ ವ್ಯಕ್ತಿಯ ಹೊಣೆ. ಈ ಉದ್ಯಮದಲ್ಲಿ ಗಿರಾಕಿಗಳ ಕೊರತೆಗಿಂತ ಮಾಲೀಕರ ಸಮಯ ಮತ್ತು ದೇಹಶಕ್ತಿಯ ಕೊರತೆಯೇ ಮುಖ್ಯ ಮಿತಿಯಾಗಿ ಪರಿಣಮಿಸುತ್ತದೆ.

ಹಿನ್ನೆಲೆ

ಭಾರತದಲ್ಲಿ ಏರ್ ಕಂಡೀಷನರ್ ದುರಸ್ತಿ ಎಂದರೆ ಬಹುಪಾಲು ತಂಪುಗೊಳಿಸುವ ಯಂತ್ರದ ಕೆಲಸವೇ. ಅಮೆರಿಕದ ಬಹುತೇಕ ಮನೆಗಳಲ್ಲಾದರೋ ಚಳಿಗಾಲದ ಫರ್ನೇಸ್ ಮತ್ತು ಬೇಸಿಗೆಯ ಏರ್ ಕಂಡೀಷನರ್ ಒಂದೇ ಬ್ಲೋವರ್ ಹಾಗೂ ಒಂದೇ ಗಾಳಿನಾಳಗಳ ಜಾಲವನ್ನು ಹಂಚಿಕೊಳ್ಳುತ್ತವೆ. ಆದುದರಿಂದ ತಾಪನ ಮತ್ತು ಶೀತಲೀಕರಣ ಅಲ್ಲಿ ಒಂದೇ ಕಸುಬಾಗಿ ಬೆಳೆದಿವೆ. ತಂತ್ರಜ್ಞರು ವಿದ್ಯುತ್, ಅನಿಲ ದಹನ, ಶೀತಕಗಳ ಒತ್ತಡ ಮತ್ತು ಗಾಳಿಯ ಹರಿವು ಈ ನಾಲ್ಕನ್ನೂ ಅರಿತಿರಬೇಕು. ಎರಡೂ ಕೆಲಸಗಳನ್ನು ಮಾಡುವ ಹೀಟ್ ಪಂಪ್‌ಗಳ ಬಳಕೆ ಹೆಚ್ಚಿದಂತೆ ಈ ಬೆಸುಗೆ ಇನ್ನಷ್ಟು ಗಟ್ಟಿಯಾಗಿದೆ. ಯಂತ್ರಗಳ ಸಾಮರ್ಥ್ಯವನ್ನು ಭಾರತದ ಅಂಗಡಿಗಳಲ್ಲಿರುವಂತೆ ಟನ್‌ಗಳಲ್ಲಿ ಹೇಳುತ್ತಾರೆ. ಇದು ಯಂತ್ರದ ತೂಕವಲ್ಲ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರತೆಗೆಯುವ ಸಾಮರ್ಥ್ಯ.

ಪರವಾನಗಿ ಮತ್ತು ಕಾನೂನು

ಶೀತಕವನ್ನು ಮುಟ್ಟುವ ಪ್ರತಿಯೊಬ್ಬ ತಂತ್ರಜ್ಞರಿಗೂ ಸ್ವಚ್ಛ ವಾಯು ಕಾಯಿದೆಯ 608ನೆಯ ವಿಧಿಯಡಿ ಪ್ರಮಾಣಪತ್ರ ಕಡ್ಡಾಯ. ಸಂಯುಕ್ತ ಸಂಸ್ಥಾನದ ಪರಿಸರ ಸಂರಕ್ಷಣಾ ಸಂಸ್ಥೆ 1994ರಿಂದ ಇದನ್ನು ಜಾರಿಯಲ್ಲಿಟ್ಟಿದೆ. ಸಣ್ಣ ಉಪಕರಣಗಳು, ಅಧಿಕ ಒತ್ತಡದ ವ್ಯವಸ್ಥೆಗಳು ಮತ್ತು ಕಡಿಮೆ ಒತ್ತಡದ ವ್ಯವಸ್ಥೆಗಳಿಗೆ ಪ್ರತ್ಯೇಕ ಪರೀಕ್ಷೆಗಳಿವೆ. ಎಲ್ಲದರಲ್ಲೂ ಉತ್ತೀರ್ಣರಾದವರಿಗೆ ಸಾರ್ವತ್ರಿಕ ಪ್ರಮಾಣಪತ್ರ ದೊರೆಯುತ್ತದೆ. ಒಮ್ಮೆ ಪಡೆದ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಶೀತಕವನ್ನು ಬೇಕೆಂದೇ ಗಾಳಿಗೆ ಬಿಡುವುದು ಅಪರಾಧ. ಅದನ್ನು ಯಂತ್ರದ ಮೂಲಕ ಹೀರಿ ಸಿಲಿಂಡರಿಗೆ ತುಂಬಿಕೊಳ್ಳಬೇಕು.

ಆದರೆ ಈ ಪ್ರಮಾಣಪತ್ರ ಉದ್ಯಮ ನಡೆಸುವ ಪರವಾನಗಿಯಲ್ಲ. ಪರವಾನಗಿ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು, ನಿಯಮಗಳು ಒಂದೊಂದು ರಾಜ್ಯದಲ್ಲಿ ಒಂದೊಂದು ತೆರನಾಗಿವೆ. ನ್ಯೂಯಾರ್ಕ್ ಮತ್ತು ಇಲಿನಾಯ್ಸ್‌ಗಳಲ್ಲಿ ಈ ಕಸುಬಿಗೆ ರಾಜ್ಯಮಟ್ಟದ ಪರವಾನಗಿಯಿಲ್ಲ. ನಗರ ಹಾಗೂ ಸ್ಥಳೀಯ ಆಡಳಿತಗಳೇ ನಿಯಮ ಮಾಡುತ್ತವೆ. ಟೆಕ್ಸಾಸ್‌ನಲ್ಲಿ ಅರ್ಜಿದಾರರು ಸಾಮಾನ್ಯವಾಗಿ ಹಿಂದಿನ 72 ತಿಂಗಳುಗಳಲ್ಲಿ 48 ತಿಂಗಳು ಪರವಾನಗಿ ಪಡೆದ ಗುತ್ತಿಗೆದಾರರ ಮೇಲ್ವಿಚಾರಣೆಯಲ್ಲಿ ದುಡಿದಿರಬೇಕು. ಅಲ್ಲಿಯ ‘ಬಿ’ ವರ್ಗದ ಪರವಾನಗಿ 25 ಟನ್ ವರೆಗಿನ ಶೀತಲೀಕರಣ ಹಾಗೂ ಗಂಟೆಗೆ 15 ಲಕ್ಷ ಬಿಟಿಯು ವರೆಗಿನ ತಾಪನ ವ್ಯವಸ್ಥೆಗಳಿಗೆ ಸಲ್ಲುತ್ತದೆ. ಮನೆಗಳ ಕೆಲಸಕ್ಕೆ ಇದು ಧಾರಾಳವಾಗಿ ಸಾಕು.

ಕ್ಯಾಲಿಫೋರ್ನಿಯಾದಲ್ಲಿ ಇದೇ ಕಸುಬಿಗೆ ‘ಸಿ-20’ ಪರವಾನಗಿ ಬೇಕು. ನಾಲ್ಕು ವರ್ಷಗಳ ಅನುಭವ ಮತ್ತು 25,000 ಡಾಲರ್ ಮೊತ್ತದ ಖಾತರಿ ಬಾಂಡ್ ಅಗತ್ಯ. 2023ರ ಜನವರಿ 1ರಿಂದ ಅಲ್ಲಿ ಸಿ-20 ಪರವಾನಗಿದಾರರು ನೌಕರರಿಲ್ಲದಿದ್ದರೂ ಕಾರ್ಮಿಕ ಪರಿಹಾರ ವಿಮೆ ಹೊಂದಿರಬೇಕಾಗಿದೆ. ನೌಕರರಿಲ್ಲವೆಂದು ಘೋಷಿಸಿ ಆಳುಗಳನ್ನು ದುಡಿಸಿಕೊಳ್ಳುವವರನ್ನು ತಡೆಯಲು ಬಂದ ಈ ನಿಯಮದ ಭಾರ ನಿಜವಾಗಿಯೂ ಒಂಟಿಯಾಗಿ ದುಡಿಯುವವರ ಮೇಲೂ ಬಿದ್ದಿದೆ. ಯಾರೂ ಇಲ್ಲದ ಸಿಬ್ಬಂದಿಗೆ ಪ್ರೀಮಿಯಂ ಕಟ್ಟಬೇಕಾದ ವಿಚಿತ್ರ ಸ್ಥಿತಿ ಇದು.

ಶೀತಕಗಳ ಬದಲಾವಣೆ

ಓಝೋನ್ ಪದರಕ್ಕೆ ಹಾನಿ ಮಾಡುವ ಆರ್-22 ಶೀತಕದ ತಯಾರಿಕೆ ಮತ್ತು ಆಮದು ಅಮೆರಿಕದಲ್ಲಿ 2020ರ ಜನವರಿ 1ರಂದು ನಿಂತಿತು. ಅದರ ಸ್ಥಾನಕ್ಕೆ ಬಂದಿದ್ದ ಆರ್-410ಎ ಓಝೋನಿಗೆ ನಿರಪಾಯಕಾರಿಯಾದರೂ ಅದರ ಜಾಗತಿಕ ತಾಪನ ಸಾಮರ್ಥ್ಯ ಇಂಗಾಲದ ಡೈಆಕ್ಸೈಡಿನ 2,088 ಪಟ್ಟು. 2020ರ ಡಿಸೆಂಬರಿನಲ್ಲಿ ಅಂಗೀಕೃತವಾದ ಕಾಯಿದೆಯ ಆಧಾರದ ಮೇಲೆ, ಈ ಮೌಲ್ಯ 700ಕ್ಕಿಂತ ಹೆಚ್ಚಿರುವ ಶೀತಕಗಳನ್ನು ಬಳಸುವ ಹೊಸ ಗೃಹೋಪಯೋಗಿ ಏರ್ ಕಂಡೀಷನರ್‌ಗಳ ತಯಾರಿಕೆಯನ್ನು 2025ರ ಜನವರಿ 1ರಿಂದ ನಿರ್ಬಂಧಿಸಲಾಯಿತು. ಈಗ ಆರ್-32 (675) ಮತ್ತು ಆರ್-454ಬಿ (ಸುಮಾರು 466) ಬಳಕೆಗೆ ಬಂದಿವೆ.

ಇವೆರಡೂ ಅಲ್ಪ ಪ್ರಮಾಣದಲ್ಲಿ ದಹನಶೀಲವಾದವು. ಆದುದರಿಂದ ಇವುಗಳಿಗೆ ತಕ್ಕ ಹೀರುವ ಯಂತ್ರ ಮತ್ತು ಸೋರಿಕೆ ಶೋಧಕವನ್ನು ಕೊಳ್ಳಬೇಕಾಗುತ್ತದೆ. ತಪ್ಪು ಜೋಡಣೆ ಆಗದಿರಲೆಂದು ಸಿಲಿಂಡರ್‌ಗಳಿಗೆ ಎಡ ತಿರುವಿನ ಮರೆ ಇರುತ್ತದೆ. ದೊಡ್ಡ ಕಂಪನಿಗೆ ಇದು ಹತ್ತಾರು ವ್ಯಾನ್‌ಗಳ ಮೇಲೆ ಹಂಚಿಹೋಗುವ ಖರ್ಚು. ಒಂಟಿ ತಂತ್ರಜ್ಞರು ಹಳೆಯ ಯಂತ್ರಗಳಿಗಾಗಿ ಆರ್-410ಎ, ಹೊಸ ಯಂತ್ರಗಳಿಗಾಗಿ ಇನ್ನೆರಡು ಶೀತಕಗಳು, ಹೀಗೆ ಮೂರು ಬಗೆಯ ಸಿಲಿಂಡರ್‌ಗಳನ್ನು ಒಂದೇ ವ್ಯಾನಿನಲ್ಲಿ ಹೊತ್ತು ತಿರುಗಬೇಕು. 2025ರ ಬೇಸಿಗೆಯಲ್ಲಿ ಆರ್-454ಬಿ ಸಿಲಿಂಡರ್‌ಗಳ ಕೊರತೆ ತಲೆದೋರಿದಾಗ, ದಾಸ್ತಾನು ಇಡಲು ಬಂಡವಾಳವಿಲ್ಲದ ಸಣ್ಣ ಉದ್ಯಮಗಳಿಗೆ ಅದು ನೇರವಾಗಿ ತಟ್ಟುವಂತಹ ತೊಂದರೆಯಾಗಿತ್ತು.

ದರ ನಿರ್ಧಾರ

ಉದ್ಯಮದ ಉಳಿವು ಬಹುಮಟ್ಟಿಗೆ ದರ ನಿರ್ಧಾರವನ್ನು ಅವಲಂಬಿಸಿದೆ. ನೌಕರರಾಗಿದ್ದಾಗ ಪಡೆಯುತ್ತಿದ್ದ ಗಂಟೆಯ ಕೂಲಿಗೆ ಸ್ವಲ್ಪ ಸೇರಿಸಿ ದರ ಹೇಳುವುದು ಹೊಸಬರಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು. ಪ್ರಯಾಣ, ಅಂದಾಜುಪಟ್ಟಿ, ಬಿಡಿಭಾಗದ ಅಂಗಡಿಯ ಸಾಲು, ಫೋನ್ ಮಾತು, ಲೆಕ್ಕಪತ್ರ ಇವಾವುದಕ್ಕೂ ಗಿರಾಕಿ ಪ್ರತ್ಯೇಕವಾಗಿ ಹಣ ಕೊಡುವುದಿಲ್ಲ. ಉದಾಹರಣೆಗೆ, ವರ್ಷಕ್ಕೆ 2,000 ಗಂಟೆ ದುಡಿಯುವವರು ಅದರಲ್ಲಿ ಅರ್ಧಕ್ಕೆ ಮಾತ್ರ ಬಿಲ್ ಮಾಡಬಲ್ಲರೆಂದು ಭಾವಿಸಿದರೆ ಮಾರಾಟಕ್ಕೆ ಉಳಿಯುವುದು 1,000 ಗಂಟೆ. ವ್ಯಾನ್, ಇಂಧನ, ವಿಮೆ, ಉಪಕರಣ, ಪರವಾನಗಿಗಳ ಖರ್ಚು 45,000 ಡಾಲರ್, ತೆರಿಗೆಗೆ ಮುಂಚೆ ತಮಗೆ ಬೇಕಾದ ಆದಾಯ 70,000 ಡಾಲರ್ ಎಂದಿಟ್ಟುಕೊಂಡರೆ ಪ್ರತಿ ಬಿಲ್ ಗಂಟೆಗೆ 115 ಡಾಲರ್ ಬರಲೇಬೇಕು. ಗಂಟೆಗೆ 50 ಡಾಲರ್ ಕೇಳುವ ವ್ಯಕ್ತಿ ಇಡೀ ವರ್ಷ ಬಿಡುವಿಲ್ಲದೆ ದುಡಿದರೂ ಖರ್ಚು ಕಳೆದು ಅವರಿಗೆ ಉಳಿಯುವುದು 5,000 ಡಾಲರ್ ಮಾತ್ರ.

ಈ ಕಾರಣದಿಂದ ಹಲವರು ಗಂಟೆಯ ಲೆಕ್ಕವನ್ನು ಬಿಟ್ಟು ಕೆಲಸಕ್ಕಿಷ್ಟು ಎಂಬ ನಿಗದಿತ ದರವನ್ನು ಅನುಸರಿಸುತ್ತಾರೆ. ಬೇಸಿಗೆಯಲ್ಲಿ ಅತಿ ಹೆಚ್ಚು ಕೆಡುವ ಭಾಗಗಳಲ್ಲಿ ಒಂದಾದ ಕೆಪಾಸಿಟರ್ ಅಗ್ಗದ ವಸ್ತು. ಅದನ್ನು ಬದಲಿಸಲು ಹದಿನೈದು ನಿಮಿಷ ಸಾಕು. ಅದರ ಬೆಲೆಯನ್ನು ಅಂತರಜಾಲದಲ್ಲಿ ನೋಡಿದ ಗಿರಾಕಿ ಬಿಲ್ ಕಂಡು ಸಿಟ್ಟಾಗುವುದುಂಟು. ಆ ಬಿಲ್ಲಿನಲ್ಲಿ ಅಡಗಿರುವುದು ಭಾಗದ ಬೆಲೆಗಿಂತ, ಸರಿಯಾದ ಅಳತೆಯ ಕೆಪಾಸಿಟರ್ ಆ ಹೊತ್ತಿಗೆ ವ್ಯಾನಿನಲ್ಲಿ ಇದ್ದುದರ ಬೆಲೆ.

ಹೊಸ ಯಂತ್ರದ ಅಳವಡಿಕೆಯಲ್ಲಿ ಸಾಮರ್ಥ್ಯವನ್ನು ಲೆಕ್ಕ ಹಾಕಲು ‘ಮ್ಯಾನ್ಯುಯಲ್ ಜೆ’ ಎಂಬ ವಿಧಾನವಿದೆ. ಹಳೆಯ ಯಂತ್ರ ಎಷ್ಟು ಟನ್ನಿನದೋ ಅಷ್ಟನ್ನೇ, ಅಥವಾ ಅದಕ್ಕಿಂತ ದೊಡ್ಡದನ್ನು ಇಡುವ ರೂಢಿಯೂ ಬಲವಾಗಿದೆ. ಅಗತ್ಯಕ್ಕಿಂತ ದೊಡ್ಡ ಯಂತ್ರ ಪದೇ ಪದೇ ನಿಂತು ಹೊರಡುತ್ತದೆ, ಮನೆಯ ತೇವಾಂಶವನ್ನು ಸರಿಯಾಗಿ ಹೀರುವುದಿಲ್ಲ. ಹೀಗಾಗಿ ದೂರು ಬಂದರೆ ಪುಕ್ಕಟೆಯಾಗಿ ಮತ್ತೆ ಹೋಗಬೇಕು. ಒಬ್ಬರೇ ಇರುವ ಉದ್ಯಮದಲ್ಲಿ ಒಂದು ಮರುಭೇಟಿ ಎಂದರೆ ಹಣ ಬರುವ ಇನ್ನೊಂದು ಭೇಟಿ ತಪ್ಪಿದಂತೆ.

ಋತುಮಾನ

ಕಡು ಬೇಸಿಗೆ ಮತ್ತು ಕಡು ಚಳಿಯಲ್ಲಿ ಕರೆಗಳು ಕೈಮೀರುತ್ತವೆ. ವಸಂತ ಮತ್ತು ಶರತ್ಕಾಲಗಳಲ್ಲಿ ಫೋನ್ ಮೌನವಾಗುತ್ತದೆ. ಈ ಏರಿಳಿತವನ್ನು ತಗ್ಗಿಸಲು ವರ್ಷಕ್ಕೆ ಎರಡು ಬಾರಿ ಯಂತ್ರ ಪರಿಶೀಲಿಸುವ ನಿರ್ವಹಣಾ ಒಪ್ಪಂದಗಳನ್ನು ಮಾಡಿಕೊಳ್ಳಲಾಗುತ್ತದೆ. ಇವು ಕೆಲಸವಿಲ್ಲದ ತಿಂಗಳುಗಳಿಗೆ ಕೆಲಸ ಒದಗಿಸುತ್ತವೆ. ಆದರೆ ಒಪ್ಪಂದ ಮಾಡಿಕೊಂಡವರಿಗೆ ತುರ್ತುಕಾಲದಲ್ಲಿ ಮೊದಲ ಆದ್ಯತೆ ನೀಡುವ ಮಾತು ಕೊಟ್ಟಿರುವುದರಿಂದ, ಒಂದೇ ರಾತ್ರಿ ಹತ್ತು ಮನೆಗಳ ಫರ್ನೇಸ್ ಕೆಟ್ಟರೆ ಮಾತು ಉಳಿಸಿಕೊಳ್ಳುವುದು ಅಸಾಧ್ಯವಾಗುತ್ತದೆ. ಅನುಭವಿಗಳು ಒಪ್ಪಂದಗಳ ಸಂಖ್ಯೆಗೆ ಮಿತಿ ಹಾಕಿಕೊಂಡು, ಹತ್ತಿರದ ಇನ್ನೊಬ್ಬ ಒಂಟಿ ತಂತ್ರಜ್ಞರೊಂದಿಗೆ ಪರಸ್ಪರ ನೆರವಿನ ಏರ್ಪಾಟು ಮಾಡಿಕೊಂಡಿರುತ್ತಾರೆ. ಕಾಯಿಲೆ ಬಿದ್ದಾಗಲೂ ಇದೇ ಏರ್ಪಾಟು ಆಸರೆ.

ಸುರಕ್ಷತೆ

ಅನಿಲ ಫರ್ನೇಸಿನ ಶಾಖ ವಿನಿಮಯಕ ಬಿರುಕು ಬಿಟ್ಟರೆ ವಾಸನೆಯಿಲ್ಲದ ಮಾರಕ ಅನಿಲವಾದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರುವ ಅಪಾಯವಿದೆ. ಅಂತಹ ಬಿರುಕು ಕಂಡಾಗ ಫರ್ನೇಸನ್ನು ಆರಿಸಬೇಕು. ಹೊರಗೆ ಹಿಮ ಬೀಳುತ್ತಿರುವ ಇರುಳಿನಲ್ಲಿ, ಮಕ್ಕಳೋ ವೃದ್ಧರೋ ಇರುವ ಮನೆಯ ಬೆಚ್ಚನೆಯನ್ನು ಕಸಿಯುವ ತೀರ್ಮಾನವದು. ಹೊಸ ಫರ್ನೇಸ್ ಮಾರುವ ತಂತ್ರವಿದೆಂದು ಮನೆಯವರು ಶಂಕಿಸುವುದೂ ಉಂಟು. ಮಾರಾಟಕ್ಕೆ ಕಮಿಷನ್ ಪಡೆಯುವ ತಂತ್ರಜ್ಞರು ಇರುವುದರಿಂದ ಆ ಶಂಕೆ ನಿರಾಧಾರವೆನ್ನಲಾಗದು. ಕಂಪನಿಯಲ್ಲಾದರೆ ಮೇಲ್ವಿಚಾರಕರನ್ನು ಕರೆಸಿ ಎರಡನೆಯ ಅಭಿಪ್ರಾಯ ಪಡೆಯಬಹುದು. ಒಂಟಿ ತಂತ್ರಜ್ಞರು ದಹನ ವಿಶ್ಲೇಷಕದ ಅಂಕಿಗಳನ್ನು ದಾಖಲಿಸಿ, ಬಿರುಕಿನ ಛಾಯಾಚಿತ್ರ ತೆಗೆದು, ಲಿಖಿತ ಎಚ್ಚರಿಕೆ ಕೊಟ್ಟು, ತಾತ್ಕಾಲಿಕ ವಿದ್ಯುತ್ ಹೀಟರ್‌ಗಳನ್ನು ಒದಗಿಸುವುದು ಉತ್ತಮ ಕ್ರಮವೆನಿಸಿದೆ.

ದೇಹದ ಮೇಲಿನ ಹೊರೆಯೂ ಕಡಿಮೆಯಲ್ಲ. ಮನೆಯ ಹೊರಗಿಡುವ ಕಂಡೆನ್ಸರ್ ಘಟಕ ಸಾಮಾನ್ಯವಾಗಿ ಒಬ್ಬರು ಎತ್ತುವ ತೂಕದ್ದಲ್ಲ. ಬೇಸಿಗೆಯ ಮಧ್ಯಾಹ್ನ ಅಟ್ಟದೊಳಗಿನ ಉಷ್ಣತೆ ಹೊರಗಿನದಕ್ಕಿಂತ ಬಹಳ ಹೆಚ್ಚಿರುತ್ತದೆ. ಅಲ್ಲಿ ಕುಸಿದುಬಿದ್ದರೆ ಗಮನಿಸಲು ಸಹಾಯಕರಿಲ್ಲ. ಆದುದರಿಂದ ಅನೇಕರು ದುರಸ್ತಿಯನ್ನು ಮಾತ್ರ ತಾವೇ ಮಾಡಿ, ಅಳವಡಿಕೆಯ ದಿನ ನೆರವು ಪಡೆಯುತ್ತಾರೆ ಅಥವಾ ಆ ಕೆಲಸವನ್ನೇ ಬೇರೆಯವರಿಗೆ ಬಿಟ್ಟುಕೊಡುತ್ತಾರೆ.

ತೆರಿಗೆ

ಸ್ವಯಂ ಉದ್ಯೋಗಿಗಳು ಆದಾಯ ತೆರಿಗೆಯ ಜೊತೆಗೆ ಶೇ. 15.3ರ ಸ್ವಯಂ ಉದ್ಯೋಗ ತೆರಿಗೆಯನ್ನೂ ಕಟ್ಟಬೇಕು. ಇದರಲ್ಲಿ ಶೇ. 12.4 ಸಾಮಾಜಿಕ ಭದ್ರತೆಗೆ, ಶೇ. 2.9 ಮೆಡಿಕೇರ್‌ಗೆ ಸಲ್ಲುತ್ತದೆ. ನೌಕರರಾಗಿದ್ದಾಗ ಇದರ ಅರ್ಧವನ್ನು ಮಾಲೀಕರು ಭರಿಸುತ್ತಿದ್ದರು. ಅಂದಾಜು ತೆರಿಗೆಯನ್ನು ವರ್ಷಕ್ಕೆ ನಾಲ್ಕು ಕಂತುಗಳಲ್ಲಿ ಪಾವತಿಸಬೇಕು. ಬೇಸಿಗೆಯ ಗಳಿಕೆಯನ್ನು ಪೂರ್ತಿ ಖರ್ಚು ಮಾಡಿದವರಿಗೆ ಸೆಪ್ಟೆಂಬರಿನ ಕಂತು ಕಷ್ಟಕೊಡುತ್ತದೆ.

ವಿಸ್ತರಣೆ ಮತ್ತು ಮುಕ್ತಾಯ

ಕೆಲಸ ಹೆಚ್ಚಾದಾಗ ಮೊದಲ ನೌಕರರನ್ನು ನೇಮಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಏಳುತ್ತದೆ. ಎರಡನೆಯ ವ್ಯಾನ್, ಎರಡನೆಯ ಉಪಕರಣ ಸೆಟ್, ವೇತನಪಟ್ಟಿ ಮತ್ತು ಹೆಚ್ಚಿನ ವಿಮೆ ಒಮ್ಮೆಲೇ ಬರುತ್ತವೆ. ಹೊಸಬರು ಒಂಟಿಯಾಗಿ ಕೆಲಸ ಮಾಡುವಷ್ಟು ಕಲಿಯುವವರೆಗೆ ಮಾಲೀಕರ ಬಿಲ್ ಗಂಟೆಗಳೂ ಕುಗ್ಗುತ್ತವೆ. ಹಲವರು ವಿಸ್ತರಿಸುವ ಬದಲು ದರ ಏರಿಸಿ, ಸೇವಾ ಪ್ರದೇಶವನ್ನು ಕಿರಿದಾಗಿಸಿ ಒಂಟಿಯಾಗಿಯೇ ಮುಂದುವರಿಯುತ್ತಾರೆ.

ನಿವೃತ್ತಿಯ ಹೊತ್ತಿಗೆ ಇಂತಹ ಉದ್ಯಮದಲ್ಲಿ ಮಾರಾಟಕ್ಕೆ ಸಿಗುವುದು ಅಲ್ಪ. ಪರವಾನಗಿ ವ್ಯಕ್ತಿಗೆ ಅಂಟಿಕೊಂಡದ್ದು, ಗಿರಾಕಿಗಳ ವಿಶ್ವಾಸವೂ ವ್ಯಕ್ತಿಯ ಮೇಲಿನದೇ. ವ್ಯಾನ್ ಮತ್ತು ಉಪಕರಣಗಳನ್ನು ಬಿಟ್ಟರೆ ಕೊಳ್ಳುವವರು ಬೆಲೆ ಕಟ್ಟುವುದು ನಿರ್ವಹಣಾ ಒಪ್ಪಂದಗಳ ಪಟ್ಟಿಗೆ ಮತ್ತು ಊರಿನವರಿಗೆ ಪರಿಚಿತವಾದ ಫೋನ್ ಸಂಖ್ಯೆಗೆ.