ಹೆದರಿದ ಮುಖವನ್ನು ಓದಲಾರದ ಹುಡುಗ

ಬೆತ್ತ ಹಿಡಿದೇ ತರಗತಿಯನ್ನು ಪ್ರವೇಶಿಸುತ್ತಿದ್ದ ಕಾಲದ ಉಪಾಧ್ಯಾಯ ನಾನು. ಹದಿಮೂರು ವರ್ಷದ ಹುಡುಗನೊಬ್ಬ ತನಗಿಂತ ಚಿಕ್ಕವನನ್ನು ಶಾಲೆಯ ಬಾವಿಕಟ್ಟೆಯ ಮೇಲೆ ಬಗ್ಗಿಸಿ ಹಿಡಿದು ಹೆದರಿಸಿದನೆಂದು ಒಂದು ದಿನ ನನ್ನಲ್ಲಿಗೆ ದೂರು ಬಂತು. ಅವನ ಅಂಗೈಗೆ ಆರು ಏಟು ಕೊಟ್ಟೆ. ಅವನು ಅಳಲಿಲ್ಲ, ಕೈಯನ್ನು ಹಿಂದಕ್ಕೆಳೆದುಕೊಳ್ಳಲೂ ಇಲ್ಲ. “ಆ ಮಗುವಿಗೆ ಎಷ್ಟು ಭಯವಾಗಿತ್ತು, ಗೊತ್ತೇನೋ?” ಎಂದು ಗದರಿಸಿದೆ. “ಭಯವಾಗಿತ್ತಾ, ಸಾರ್? ನನಗೆ ಗೊತ್ತಾಗಲಿಲ್ಲ” ಎಂದ. ಅದು ಉದ್ಧಟತನದ ಪರಮಾವಧಿಯೆಂದು ಭಾವಿಸಿ ಇನ್ನೂ ನಾಲ್ಕು ಏಟು ಕೊಟ್ಟೆ. ಮರುವರ್ಷ ಅವನು ಶಾಲೆ ಬಿಟ್ಟ. ಅವನ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಅವನು ನಿಜವನ್ನೇ ನುಡಿದಿರಬಹುದೆಂಬ ಸಂಶಯ ನನ್ನಲ್ಲಿ ಮೂಡಿದ್ದು ನಿವೃತ್ತನಾದ ಮೇಲೆ, ಮಕ್ಕಳ ಮನಸ್ಸನ್ನು ಕುರಿತು ವಿಜ್ಞಾನಿಗಳು ಬರೆದುದನ್ನು ಓದತೊಡಗಿದಾಗ.

‘ದಂಡಂ ದಶಗುಣಂ’ ಎಂದು ನಂಬಿ ಬೆಳೆದವರು ನಾವು. ಈ ನಂಬಿಕೆಯ ಅಡಿಯಲ್ಲಿ ಇನ್ನೊಂದು ನಂಬಿಕೆ ಅಡಗಿದೆ. ಎಲ್ಲ ಮಕ್ಕಳಿಗೂ ಭಯ ಒಂದೇ ಪ್ರಮಾಣದಲ್ಲಿ ಆಗುತ್ತದೆ, ಪರರ ಭಯವೂ ಒಂದೇ ರೀತಿಯಲ್ಲಿ ಕಾಣುತ್ತದೆ, ಕಂಡೂ ತಪ್ಪು ಮಾಡಿದವನು ದುಷ್ಟ ಎಂಬುದೇ ಆ ನಂಬಿಕೆ. ಇದು ಪೂರ್ತಿ ಸತ್ಯವಲ್ಲ.

ನಮ್ಮ ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಬಾದಾಮಿಯ ಬೀಜವನ್ನು ಹೋಲುವ ಎರಡು ಪುಟ್ಟ ಭಾಗಗಳಿವೆ. ಬಾದಾಮಿ ಎಂಬ ಅರ್ಥದ ಗ್ರೀಕ್ ಪದದಿಂದಲೇ ಅವಕ್ಕೆ ಅಮಿಗ್ಡಲ ಎಂಬ ಹೆಸರು ಬಂದಿದೆ. ಅಪಾಯವನ್ನು ಗುರುತಿಸಿ ದೇಹವನ್ನು ಎಚ್ಚರಿಸುವುದು ಅವುಗಳ ಕೆಲಸಗಳಲ್ಲೊಂದು. ಎದುರಿಗಿರುವವರ ಮುಖದ ಮೇಲಿನ ಭಯವನ್ನು ಗ್ರಹಿಸುವುದು ಇನ್ನೊಂದು. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ಈ ಎಚ್ಚರಿಕೆಯನ್ನು ತೂಗಿನೋಡಿ, ಆವೇಗಕ್ಕೆ ಕಡಿವಾಣ ಹಾಕುತ್ತದೆ. ಈ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತು ವರ್ಷ ದಾಟಿದ ಮೇಲೆ. ಹದಿಹರೆಯದವರ ದುಡುಕಿಗೆ ಇದೂ ಒಂದು ಕಾರಣ.

ಆದರೆ ಹೊಡೆದಾಟ, ಸುಳ್ಳು, ಕಳವುಗಳಲ್ಲಿ ದೀರ್ಘಕಾಲ ತೊಡಗಿರುವ ಮಕ್ಕಳೆಲ್ಲ ಒಂದೇ ಬಗೆಯವರಲ್ಲ. ಕೆಲವರು ಬಿಸಿರಕ್ತದವರು. 1980ರಲ್ಲಿ ಅಮೆರಿಕದ ಕೆನೆತ್ ಡಾಡ್ಜ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ತಾನು ಜೋಡಿಸುತ್ತಿದ್ದ ಚಿತ್ರದ ತುಂಡುಗಳನ್ನು ಇನ್ನೊಬ್ಬ ಕೆಡಿಸಿದನೆಂದು ಹುಡುಗ ತಿಳಿಯುವಂತೆ ಮಾಡಲಾಗಿತ್ತು. ಅದು ಅಕಸ್ಮಾತ್ ಆದದ್ದೆಂದು ಸ್ಪಷ್ಟವಾಗಿದ್ದಾಗ ಜಗಳಗಂಟರೂ ತಾಳ್ಮೆ ತೋರಿದರು. ಉದ್ದೇಶ ಅಸ್ಪಷ್ಟವಾಗಿದ್ದಾಗ ಮಾತ್ರ ಅದು ಬೇಕೆಂದೇ ಮಾಡಿದ್ದೆಂಬಂತೆ ತಿರುಗಿಬಿದ್ದರು. ಹಗ್ಗವನ್ನು ಹಾವೆಂದು ಕಾಣುವ ಮನಸ್ಸು ಇದು.

ಇನ್ನು ಕೆಲವರು ತಣ್ಣನೆಯವರು. ಅವರಲ್ಲಿ ಪಶ್ಚಾತ್ತಾಪವೂ ಕರುಣೆಯೂ ತೀರ ಕಡಿಮೆ. 2008ರಲ್ಲಿ ಅಬಿಗೈಲ್ ಮಾರ್ಷ್, ಜೇಮ್ಸ್ ಬ್ಲೇರ್ ಮತ್ತು ಅವರ ಸಂಗಡಿಗರು, ಮಿದುಳಿನ ರಕ್ತಸಂಚಾರದ ಏರಿಳಿತವನ್ನು ಚಿತ್ರಿಸುವ ಯಂತ್ರದ ನೆರವಿನಿಂದ ಇಂಥ ಕಿಶೋರರನ್ನು ಪರೀಕ್ಷಿಸಿದರು. ಹೆದರಿದ ಮುಖಗಳನ್ನು ತೋರಿಸಿದಾಗ ಅವರ ಅಮಿಗ್ಡಲ ಇತರರದಕ್ಕಿಂತ ಕಡಿಮೆ ಸ್ಪಂದಿಸಿತು. 2012ರಲ್ಲಿ ಲಂಡನ್ನಿನ ಎಸಿ ವೈಡಿಂಗ್ ಅವರ ತಂಡವು ಎರಡೂ ಬಗೆಯವರನ್ನು ಹೋಲಿಸಿತು. ಅರಿವಿಗೇ ಬಾರದಷ್ಟು ಕ್ಷಣಿಕವಾಗಿ ಭಯದ ಮುಖವನ್ನು ತೋರಿಸಿದರೂ ಬಿಸಿರಕ್ತದವರಲ್ಲಿ ಸ್ಪಂದನ ಹೆಚ್ಚು, ತಣ್ಣನೆಯವರಲ್ಲಿ ಕಡಿಮೆ. ಹೊರಗಿನ ನಡತೆ ಒಂದೇ. ಒಳಗಿನ ಕಾರಣಗಳು ಪರಸ್ಪರ ವಿರುದ್ಧ. ಇಬ್ಬರಿಗೂ ಒಂದೇ ಬೆತ್ತ ಮದ್ದಾಗುವುದು ಹೇಗೆ?

ನನ್ನನ್ನು ಬಹುವಾಗಿ ಕಲಕಿದ್ದು ಆಸ್ಟ್ರೇಲಿಯದ ಮಾರ್ಕ್ ಡ್ಯಾಡ್ಸ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನ. ತಣ್ಣನೆಯ ಸ್ವಭಾವದ ಹುಡುಗರು ಚಿತ್ರಗಳಲ್ಲಿನ ಭಯದ ಮುಖಗಳನ್ನು ಗುರುತಿಸುವಲ್ಲಿ ಸೋಲುತ್ತಿದ್ದರು. ಆಗ ಸಂಶೋಧಕರು ಹೇಳಿದ್ದು ಇಷ್ಟೇ: ಕಣ್ಣುಗಳನ್ನು ನೋಡಿ. ನೋಡಿದಾಗ ಅವರೂ ಇತರರಂತೆಯೇ ಭಯವನ್ನು ಗುರುತಿಸಿದರು! ಭಯ ಎದ್ದುಕಾಣುವುದು ಅರಳಿದ ಕಣ್ಣುಗಳಲ್ಲಿ. ಅವರ ದೃಷ್ಟಿ ತಾನಾಗಿ ಅಲ್ಲಿಗೆ ಹೋಗುತ್ತಿರಲಿಲ್ಲ. ಇದರಿಂದ ಅವರಲ್ಲಿ ಕರುಣೆ ಹುಟ್ಟಿತೆಂದು ಹೇಳುವಂತಿಲ್ಲ. ಗುರುತಿಸುವುದು ಬೇರೆ, ಮರುಗುವುದು ಬೇರೆ. ಆದರೂ ಮುಚ್ಚಿದೆಯೆಂದುಕೊಂಡ ಬಾಗಿಲು ಬರಿಯ ಮಾತಿಗೆ ಒಂದಿಷ್ಟು ತೆರೆಯಿತು.

ಅದಕ್ಕೆ ಒಂದು ವರ್ಷ ಮೊದಲು, 2005ರಲ್ಲಿ, ಡೇವಿಡ್ ಹಾಸ್ ಮತ್ತು ಡ್ಯಾಡ್ಸ್ ನಾಲ್ಕರಿಂದ ಎಂಟು ವರ್ಷದ ತುಂಟ ಹುಡುಗರ ತಂದೆತಾಯಿಗಳಿಗೆ ತರಬೇತಿ ನೀಡಿ ನೋಡಿದ್ದರು. ತಪ್ಪು ಮಾಡಿದವನನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಕೂರಿಸುವ ಶಿಕ್ಷೆ ತಣ್ಣನೆಯವರ ಮೇಲೆ ಹೆಚ್ಚು ಪರಿಣಾಮ ಬೀರಲಿಲ್ಲ. ಒಳ್ಳೆಯ ನಡತೆಯನ್ನು ಗಮನಿಸಿ ಮೆಚ್ಚಿದಾಗ ಮಾತ್ರ ಅವರೂ ಇತರರಷ್ಟೇ ಸುಧಾರಿಸಿದರು. ದಂಡನೆಗೆ ಕಿವುಡಾದ ಮಗು ಮೆಚ್ಚುಗೆಗೂ ಕಿವುಡಾಗಿರಬೇಕಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೇಲೆ ಹೇಳಿದ್ದೆಲ್ಲ ಗುಂಪುಗಳ ಸರಾಸರಿ. ಒಬ್ಬ ಹುಡುಗನ ಮಿದುಳಿನ ಚಿತ್ರವನ್ನಷ್ಟೇ ನೋಡಿ ಅವನು ಮುಂದೆ ಅಪರಾಧಿಯಾಗುವನೆಂದು ಯಾವ ವೈದ್ಯರೂ ನಿರ್ಣಯಿಸಲಾರರು. ಮಿದುಳು ಹುಟ್ಟಿನಿಂದ ಬಂದಂತೆಯೇ ಉಳಿಯುವ ಕಲ್ಲೂ ಅಲ್ಲ. ಮನೆಯ ಹಿಂಸೆ, ಅನಾದರ, ಅಕ್ಕರೆ ಎಲ್ಲವೂ ಅದನ್ನು ತಿದ್ದುತ್ತವೆ. ಎರಡನೆಯದಾಗಿ, ಕಾರಣವನ್ನು ಅರಿಯುವುದೆಂದರೆ ತಪ್ಪನ್ನು ಮನ್ನಿಸುವುದಲ್ಲ. ಬಾವಿಕಟ್ಟೆಯ ಮೇಲೆ ನಡುಗಿದ ಮಗುವಿನ ರಕ್ಷಣೆ ನನ್ನ ಮೊದಲ ಕರ್ತವ್ಯವಾಗಿತ್ತು. ಆದರೆ ನನ್ನ ಬೆತ್ತ ಅವನನ್ನೂ ರಕ್ಷಿಸಲಿಲ್ಲ.

2009ರ ಕಡ್ಡಾಯ ಶಿಕ್ಷಣದ ಕಾಯಿದೆಯು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಬೆತ್ತವನ್ನು ಕೆಳಗಿಟ್ಟ ಕೈ ಬರಿದಾಗಿ ಉಳಿಯಬಾರದು. ಇಂಥ ಮಕ್ಕಳನ್ನು ಮನೋವೈದ್ಯರಿಗೆ ತೋರಿಸಲು ನಾಚಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಮೀಸಲಾದ ಮನೋವೈದ್ಯ ವಿಭಾಗವೇ ಇದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಹೊಡೆಯಲು ನೆಪವಾಗಿ ಬಳಸಿದ್ದೇವೆ. ಬೇಗ ಗಮನಿಸಬೇಕೆಂಬುದೂ ಅದರ ಅರ್ಥವಲ್ಲವೆ?

ಆ ಹುಡುಗ ಈಗ ಎಲ್ಲಿದ್ದಾನೋ ಅರಿಯೆ. ಅವನ ಮಿದುಳಿನಲ್ಲಿ ಏನಿತ್ತೆಂದು ಹೇಳುವ ಅಧಿಕಾರವೂ ನನಗಿಲ್ಲ. ಅವನು ಕೊಟ್ಟ ಉತ್ತರವನ್ನು ಉತ್ತರವೆಂದೇ ಕೇಳಿಸಿಕೊಳ್ಳಬಹುದಾಗಿತ್ತು ಎಂಬುದಷ್ಟೇ ಈಗ ನನಗೆ ಗೊತ್ತು. ಪರರ ಮುಖವನ್ನು ಓದಲಿಲ್ಲವೆಂದು ಅವನಿಗೆ ಹತ್ತು ಏಟು ಕೊಟ್ಟವನು ನಾನು. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಅವನ ಕಣ್ಣುಗಳನ್ನು ನೋಡಿರಲಿಲ್ಲ.

(ಬಾನುಲಿ ಭಾಷಣ)