ಪ್ರೌಢಶಾಲೆಯಲ್ಲಿಯೇ ಕಾಲೇಜಿನ ಸಿದ್ಧತೆ: ಆರೋಗ್ಯದ ದೃಷ್ಟಿಯಿಂದ ಕೆಲವು ಮಾತು

ಆರೋಗ್ಯ ವಿಭಾಗದಲ್ಲಿ ಕಾಲೇಜು ಪ್ರವೇಶದ ಮಾತೇಕೆ ಎಂದು ಸದ್ಭಕ್ತರು ಕೇಳಬಹುದು. ಪ್ರತಿವರ್ಷ ಏಪ್ರಿಲ್, ಮೇ ತಿಂಗಳುಗಳಲ್ಲಿ ಶ್ರೀಮಠದ ದರ್ಶನಕ್ಕೆ ಬರುವ ತಾಯಂದಿರು ಮಕ್ಕಳ ವಿಷಯವಾಗಿ ನಮ್ಮಲ್ಲಿ ಹೇಳಿಕೊಳ್ಳುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮಗನಿಗೆ ನಿದ್ರೆ ಬರುತ್ತಿಲ್ಲ, ಮಗಳು ಊಟ ಬಿಟ್ಟಿದ್ದಾಳೆ, ತಲೆನೋವು, ಹೊಟ್ಟೆನೋವು, ಮಾತಿಗೆ ಮುನ್ನ ಸಿಟ್ಟು. ಸಮಾಧಾನದಿಂದ ಕೂರಿಸಿ ಕೇಳಿದರೆ ಹಲವರ ನೋವಿನ ಮೂಲ ದೇಹದಲ್ಲಿ ಇರುವುದಿಲ್ಲ. ಕೊನೆಯ ದಿನ ಸಮೀಪಿಸಿದ ಅರ್ಜಿ, ಕೈಗೆ ಬಾರದ ಪ್ರಮಾಣಪತ್ರ, ತಮಗೆ ಒಲ್ಲದ ವಿಷಯದ ಆಯ್ಕೆ, ಇವು ಮಕ್ಕಳನ್ನು ಒಳಗೊಳಗೇ ಕೊರೆಯುತ್ತಿರುತ್ತವೆ.

ಹಳಿಯಾಳ ತಾಲ್ಲೂಕಿನ ಒಂದು ಹಳ್ಳಿಯ ಭಕ್ತ ದಂಪತಿಗಳ ಮಗನ ಸಂಗತಿಯನ್ನು ಇಲ್ಲಿ ಹೇಳಬೇಕು. ಕಬ್ಬು, ಭತ್ತ ಬೆಳೆಯುವ ಮನೆತನ. ಹುಡುಗ ಏಳನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಕಲಿತ. ಎಂಟರಿಂದ ಪೇಟೆಯ ಪ್ರೌಢಶಾಲೆ. ಮನೆಯವರು ಹಳ್ಳಿಯವರೇ ಆದುದರಿಂದ ಸಿಇಟಿ ಅರ್ಜಿಯಲ್ಲಿ ಗ್ರಾಮೀಣ ಮೀಸಲಾತಿಯನ್ನು ನಿಸ್ಸಂಶಯವಾಗಿ ಕೋರಿದರು. ಆದರೆ ಗ್ರಾಮೀಣ ಮೀಸಲಾತಿಗೆ ಮನೆಯ ವಿಳಾಸ ಸಾಲದು. 1ರಿಂದ 10ನೆಯ ತರಗತಿಯವರೆಗೆ ಪೂರ್ಣ 10 ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಓದಿರಬೇಕು. ಪುರಸಭೆಯ ವ್ಯಾಪ್ತಿಯಲ್ಲಿ ಕಳೆದ ಮೂರು ವರ್ಷ ಆ ಅರ್ಹತೆಯನ್ನು ಕಳೆದಿತ್ತು. ದಾಖಲೆಗಳ ಪರಿಶೀಲನೆಯ ಹೊತ್ತಿಗೆ ಇದು ತಿಳಿಯಿತು. ತಂದೆಯ ಆಸೆಯನ್ನು ತಾನೇ ಕೆಡಿಸಿದೆನೆಂದು ಹುಡುಗ ಭಾವಿಸಿದ. ಮೂರು ವಾರ ಸರಿಯಾಗಿ ಉಣ್ಣಲಿಲ್ಲ, ಯಾರೊಡನೆಯೂ ಮಾತನಾಡಲಿಲ್ಲ. ಈಗ ಆತ ಎಂಜಿನಿಯರಿಂಗ್ ಓದುತ್ತಿದ್ದಾನೆ, ಆರೋಗ್ಯವಾಗಿದ್ದಾನೆ. ಆದರೂ ಆ ಮೂರು ವಾರಗಳನ್ನು ತಾಯಿ ಇಂದಿಗೂ ಮರೆತಿಲ್ಲ.

ಮಕ್ಕಳನ್ನು ಪೇಟೆಯ ಶಾಲೆಗೆ ಕಳುಹಿಸಬಾರದೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಶಿಕ್ಷಕರಿರುವಲ್ಲಿಗೆ ಕಳುಹಿಸುವುದೇ ಸರಿ. ಆದರೆ ಏಳನೆಯ ತರಗತಿ ಮುಗಿದಾಗ ನಿರ್ಧರಿಸುವ ಶಾಲೆಗೂ ಹನ್ನೆರಡರ ನಂತರ ದೊರೆಯುವ ಸೀಟಿಗೂ ಸಂಬಂಧವಿದೆ ಎಂಬುದನ್ನು ತಿಳಿದೇ ನಿರ್ಧರಿಸಬೇಕು. ವೃತ್ತಿಶಿಕ್ಷಣದ ಸೀಟುಗಳಲ್ಲಿ ಗ್ರಾಮೀಣರಿಗೆ ಶೇಕಡಾ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಶೇಕಡಾ 5 ಮೀಸಲಿದೆ. ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಎರಡು ಮೂರು ಶಾಲೆಗಳಲ್ಲಿ ಕಲಿತ ಮಗುವಿಗೆ ಅಷ್ಟೂ ಶಾಲೆಗಳಿಂದ ಪತ್ರ ತರಬೇಕಾಗುತ್ತದೆ. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ ಬರುತ್ತದೆ. ನಮ್ಮ ಸೀಮೆಯಲ್ಲಿ ಅದು ಕಬ್ಬು ಕಡಿಯುವ ಹಂಗಾಮು, ತಂದೆತಾಯಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಜೋಯಿಡಾದ ಕಾಡಿನ ಹಳ್ಳಿಗಳಲ್ಲಿಯಂತೂ ಮೊಬೈಲಿನ ಸಂಕೇತ ಸಿಗುವ ದಿಣ್ಣೆಯನ್ನು ಹುಡುಕಿಕೊಂಡು ಹೋಗಬೇಕು. ಈ ಓಡಾಟವೆಲ್ಲ ಹುಡುಗನ ಓದಿನ ತಿಂಗಳುಗಳನ್ನೇ ನುಂಗುತ್ತದೆ. ಒಂಬತ್ತನೆಯ ತರಗತಿಯ ಬೇಸಿಗೆ ರಜೆಯಲ್ಲಿ ಇದೇ ಕೆಲಸ ಎರಡು ದಿನದ್ದು.

ಆ ರಜೆಯಲ್ಲಿ ಶಾಲೆಯ ದಾಖಲೆ ಮತ್ತು ಆಧಾರ್ ಎರಡನ್ನೂ ಎದುರಿಗಿಟ್ಟುಕೊಂಡು ಹೆಸರು, ತಂದೆಯ ಹೆಸರು, ಜನ್ಮದಿನಾಂಕಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಒಂದರಲ್ಲಿ ಅಡ್ಡಹೆಸರಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ನಮ್ಮ ಕಡೆ ತೀರ ಸಾಮಾನ್ಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುದ್ರಿತವಾದ ಮೇಲೆ ತಿದ್ದಿಸುವುದಕ್ಕಿಂತ ಅದಕ್ಕೆ ಮುನ್ನ ತಿದ್ದಿಸುವುದು ಬಹಳ ಸುಲಭ. ಜಾತಿ ಕಾಲಮಿನಲ್ಲಿ ಬರೆದಿರುವುದಕ್ಕೂ ನಾಡಕಚೇರಿಯಿಂದ ಪಡೆಯುವ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೂ ಹೊಂದಾಣಿಕೆ ಇರಬೇಕು. ನಮ್ಮ ಸಮಾಜದ ಹೆಚ್ಚಿನವರು 3ಬಿ ಪ್ರವರ್ಗದಲ್ಲಿ ಬರುತ್ತಾರೆ. ಆ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನೂ ಶಾಲೆಯ ಸ್ಯಾಟ್ಸ್ ಸಂಖ್ಯೆಯನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು ಒಳಿತು. ಅಜ್ಜಂದಿರು ಜಮೀನಿನ ಕಾಗದಗಳನ್ನು ಟ್ರಂಕಿನಲ್ಲಿ ಜೋಪಾನ ಮಾಡುತ್ತಿದ್ದರು. ಮೊಮ್ಮಗಳ ಕಾಗದಗಳಿಗೂ ಅದೇ ಟ್ರಂಕಿನಲ್ಲಿ ಒಂದು ಮೂಲೆ ಇರಲಿ.

ಇನ್ನು ವಿಷಯದ ಆಯ್ಕೆ. ಹತ್ತರ ಫಲಿತಾಂಶ ಬಂದ ಒಂದೆರಡು ವಾರದಲ್ಲಿ ಇದು ಮುಗಿದುಹೋಗುತ್ತದೆ, ಪರಿಣಾಮ ಮಾತ್ರ ದೀರ್ಘಕಾಲದ್ದು. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟವರಿಗೆ ವೈದ್ಯಕೀಯದ ದಾರಿ ಕಠಿಣವಾಗುತ್ತದೆ, ಗಣಿತ ಬಿಟ್ಟವರಿಗೆ ಎಂಜಿನಿಯರಿಂಗಿನದು. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದವೇ. ಕರ್ನಾಟಕದ ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ವಿಜ್ಞಾನ ಓದದವರು ಕೆಲಸಕ್ಕೆ ಬಾರದವರೆಂಬ ಭಾವನೆ ನಮ್ಮ ಭಕ್ತರ ಮನೆಗಳಲ್ಲಿ ಇನ್ನೂ ಇದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ಪರಂಪರೆಯವರಿಗೆ ಇದು ಒಪ್ಪುವ ಮಾತಲ್ಲ. ಕೈಕೆಲಸದಲ್ಲಿ ಒಲವಿರುವ ಹುಡುಗನಿಗೆ ಹತ್ತರ ನಂತರವೇ ಪಾಲಿಟೆಕ್ನಿಕ್ ಇದೆ, ದಾಂಡೇಲಿಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಪಾಲಿಟೆಕ್ನಿಕ್ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ಹಳಿಯಾಳದಲ್ಲಿಯೇ ಕರ್ನಾಟಕ ಲಾ ಸೊಸೈಟಿಯ ಎಂಜಿನಿಯರಿಂಗ್ ಕಾಲೇಜಿದೆ. ಕಾಡು, ಮಣ್ಣು ಪ್ರೀತಿಸುವ ಮಕ್ಕಳಿಗೆ ಶಿರಸಿಯ ಅರಣ್ಯ ಮಹಾವಿದ್ಯಾಲಯವೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಹತ್ತಿರದಲ್ಲಿವೆ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಹೊಲದಲ್ಲಿ ಬೆಳೆದ ಮಗುವಿಗೆ ಆ ಪರೀಕ್ಷೆ ಭಾರವೆನಿಸದು.

ಆಯ್ಕೆಗೆ ಮುನ್ನ ಕಣ್ಣಿನ ಪರೀಕ್ಷೆ ಮಾಡಿಸಿರೆಂದು ನಾವು ವಿಶೇಷವಾಗಿ ಹೇಳುತ್ತೇವೆ. ಕಪ್ಪುಹಲಗೆ ಕಾಣದ ಮಗುವನ್ನು ದಡ್ಡನೆಂದು ತಿಳಿದ ಮನೆಗಳನ್ನು ನೋಡಿದ್ದೇವೆ. ಬಣ್ಣಗಳ ಗುರುತೂ ಅಷ್ಟೇ ಮುಖ್ಯ. ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯದಿರುವ ದೋಷ ತಾಯಿಯ ಮೂಲಕ ಬರುವಂಥದು, ಗಂಡುಮಕ್ಕಳಲ್ಲಿಯೇ ಹೆಚ್ಚು, ದಿನನಿತ್ಯದ ಬದುಕಿಗೆ ತೊಡಕಾಗದ ಕಾರಣ ಗೊತ್ತೇ ಆಗದೆ ಉಳಿದುಬಿಡುತ್ತದೆ. ರೈಲು ಚಾಲಕ, ವಿಮಾನ ಚಾಲಕ, ನೌಕಾಪಡೆಯ ಹುದ್ದೆಗಳ ವೈದ್ಯಕೀಯ ತಪಾಸಣೆಯಲ್ಲಿ ಮಾತ್ರ ಇದೇ ಅಡ್ಡಿಯಾಗುತ್ತದೆ. ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪರೀಕ್ಷೆಗೆ ಐದು ನಿಮಿಷವೂ ಬೇಡ. ನಾಲ್ಕು ವರ್ಷ ಕನಸು ಕಂಡ ಮೇಲೆ ತಿಳಿಯುವುದಕ್ಕಿಂತ ಒಂಬತ್ತರಲ್ಲಿಯೇ ತಿಳಿದರೆ ಮಗು ಬೇರೊಂದು ದಾರಿಯನ್ನು ನೆಮ್ಮದಿಯಿಂದ ಹುಡುಕಬಹುದು.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿಯೇ. ಧಾರವಾಡದ ಕಾಲೇಜಿಗೆಂದು ನಸುಕಿನ ಬಸ್ಸು ಹಿಡಿಯುವ ಮಕ್ಕಳು ಬರಿಹೊಟ್ಟೆಯಲ್ಲಿ ಹೊರಡುತ್ತಾರೆ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಕಾಲೇಜು ಆರಿಸುವಾಗ ಶುಲ್ಕದೊಂದಿಗೆ ಈ ಪ್ರಯಾಣದ ಲೆಕ್ಕವನ್ನೂ ಹಾಕಬೇಕು. ವಸತಿನಿಲಯ ದೊರೆತರೆ ಉತ್ತಮ. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಬೆಳೆದ ಹಳ್ಳಿಯ ಮಕ್ಕಳು ಎಷ್ಟೋ ಮಂದಿ. ಹೆಣ್ಣುಮಕ್ಕಳಲ್ಲಿ ಸುಸ್ತು, ಮಂಕು ಕಂಡರೆ ಅದನ್ನು ಓದಿನ ಭಾರವೆಂದು ತಳ್ಳಿಹಾಕದೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿದೆಯೇ ಎಂದು ಪರೀಕ್ಷಿಸಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಮಕ್ಕಳು ಎಸೆಯದೆ ನುಂಗುತ್ತಾರೆಯೇ ಎಂದು ಕೇಳಿ ನೋಡಿ. ಊಟದ ನಂತರ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ.

ಅಂಕ ಕಡಿಮೆ ಬಂದರೆ ಏನು ಎಂಬ ಮಾತನ್ನು ಫಲಿತಾಂಶಕ್ಕೆ ಮುನ್ನವೇ ಮನೆಯಲ್ಲಿ ಆಡಿಬಿಡುವುದು ಲೇಸು. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ, ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಇದು ಮಗುವಿಗೆ ತಂದೆಯ ಬಾಯಿಂದಲೇ ತಿಳಿಯಬೇಕು. ನಿದ್ರೆ, ಊಟಗಳ ವ್ಯತ್ಯಾಸ ಎರಡು ವಾರ ಮೀರಿದರೆ, ಬದುಕು ಬೇಸರವೆಂಬ ಮಾತು ಒಮ್ಮೆಯಾದರೂ ಕೇಳಿಬಂದರೆ ಕಾಯಬಾರದು. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳಲ್ಲಿ ಹದಿಹರೆಯದವರಿಗೆಂದೇ ಆಪ್ತಸಮಾಲೋಚನೆ ಇದೆ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ತೆರೆದಿರುತ್ತದೆ, ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಮಕ್ಕಳ ಫೋನಿನಲ್ಲಿ ಮಾತ್ರವಲ್ಲ, ತಂದೆತಾಯಿಗಳ ಫೋನಿನಲ್ಲಿಯೂ ಉಳಿಸಿಕೊಳ್ಳಬೇಕೆಂದು ನಮ್ಮ ವಿನಂತಿ. ಮೊದಲು ಕಂಗೆಡುವವರು ಅನೇಕ ಸಲ ಅವರೇ.